ಬೇಡವೆಂದ ಪಾರ್ಸಲ್

"ಗುರುಗಳೇ, ಆಸೆ ಎಲ್ಲಿಂದ ಬರುತ್ತದೆ? ಬರುವಾಗ ಅದರ ಮುಖ ಕಾಣುವುದಿಲ್ಲ. ಅದರ ಮನೆ ಯಾವುದೆಂದು ಹುಡುಕಿ ಹುಡುಕಿ ಸೋತೆ" ಎಂದನು ಶಿಷ್ಯ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿಯಿದ್ದನು. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದುಕೊಡಲು ಒಪ್ಪಿ, ತಂದೆತಾಯಿಯರಿಂದ ಮುಂಗಡ ಪಡೆದು, ಮೊಬೈಲಿನಲ್ಲಿ ಅಗ್ಗಕ್ಕೆ ಕಂಡ ಬಟ್ಟೆಯನ್ನು ತರಿಸಿದನು. ಅಗ್ಗವೆಂದರೆ ಯಾರಿಗೆ ಬೇಡ? ಪಾರ್ಸಲ್ ಬಂತು. ಬಾಗಿಲಲ್ಲೇ ಹಣ ಕೊಟ್ಟು ಬಿಚ್ಚಿದರೆ ಒಳಗೆ ಬರೀ ಚಿಂದಿ. ಹೇಳಿದರೆ ಊರು ನಂಬಲಿಲ್ಲ. ಕಳ್ಳ ಕಣ್ಣಿಗೆ ಬೀಳದಿದ್ದರೆ ಕಣ್ಣಿಗೆ ಬಿದ್ದವನೇ ಕಳ್ಳ. ಮುಂಗಡ ನುಂಗಿ ನೀರು ಕುಡಿದನೆಂದು ಬೀದಿಯೆಲ್ಲ ಆಡಿಕೊಂಡಿತು. ಯಾರ ಬಟ್ಟೆಯಲ್ಲೂ ಗೇಣು ತುಂಡು ಉಳಿಸಿಕೊಳ್ಳದ ಮನುಷ್ಯ ಅಂಗಡಿಯ ಬಾಗಿಲು ತೆರೆಯಲು ನಾಚಿದನು.

ಕೊನೆಗೆ ಪೊಲೀಸ್ ಠಾಣೆಗೆ ಹೋದನು. ಅಲ್ಲಿನ ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು. ಆಕೆ ಗದರಲಿಲ್ಲ, ನಗಲೂ ಇಲ್ಲ. ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನ್ ಮಾಡಿಸಿದರು. ಅದು ಸ್ವಿಚ್ ಆಫ್ ಆಗಿತ್ತು. ವಿಳಾಸ ಹುಡುಕಲು ಕಾನ್‌ಸ್ಟೇಬಲ್ ಒಬ್ಬನನ್ನು ಕಳಿಸಿದರು. ಅಲ್ಲಿ ಖಾಲಿ ಸೈಟು. ಆಗ ಆಕೆ ದರ್ಜಿಗೆ, ಮೊಬೈಲಿನ ಅದೇ ಅಂಗಡಿಯಿಂದ ಅದೇ ಬಟ್ಟೆಯನ್ನು ಹೆಂಡತಿಯ ಹೆಸರಿನಲ್ಲಿ ಇನ್ನೊಮ್ಮೆ ತರಿಸಿ, ಬಂದಾಗ ಬೇಡವೆನ್ನಲು ಹೇಳಿದರು.

"ಬಾವಿಗೆ ಬಿದ್ದವನಿಗೆ ಇನ್ನೊಂದ್ಸಲ ಹಾರು ಅಂತೀರಲ್ಲ ಮೇಡಂ? ಬೇಡ ಅನ್ನೋಕೆ ಯಾರಾದ್ರೂ ತರಿಸ್ತಾರಾ?"

"ಆ ಚಿಂದೀನೇ ಇನ್ನೊಬ್ಬರಿಗೆ ಮಾರೋ ಆಸಾಮಿ ಅವನು, ವಾಪಸ್ ಬಂದ್ರೆ ಬಿಟ್ಟುಬಿಡೋದಿಲ್ಲ. ನೀವು ಇಟ್ಕೊಂಡ್ರೆ ಪಾರ್ಸಲ್ಲಿನ ದಾರಿ ನಿಮ್ಮ ಮನೇಲೇ ಮುಗೀತು. ಬೇಡ ಅಂದು ನೋಡಿ."

ದರ್ಜಿ ಅಳುಕುತ್ತಲೇ ಬೇಡವೆಂದನು. ಪಾರ್ಸಲ್ ಹಿಂದಕ್ಕೆ ಹೊರಟಿತು. ಅದರ ಬೆನ್ನಿಗೇ ಆಕೆಯೂ ಹೊರಟರು. ಅದು ಹೋಗಿ ಸೇರಿದ ಊರಿನ ಕೊರಿಯರ್ ಗೋದಾಮಿನಲ್ಲಿ, ಮಫ್ತಿಯಲ್ಲಿ, ಮೂಟೆಗಳ ನಡುವೆ ಕಾದು ಕೂತರು. ಎಂಥ ತಾಳ್ಮೆ! ಸುಳ್ಳು ಹೆಸರಿನ, ಸುಳ್ಳು ವಿಳಾಸದ ಹಿಂದೆ ಅಡಗಿದ್ದವನು ವಾಪಸ್ಸು ಬಂದ ಚಿಂದಿಗಾಗಿ ತಾನೇ ನಡೆದು ಬಂದನು. ಆಕೆ ಅಲ್ಲೇ ಕೈಹಾಕಲಿಲ್ಲ. ಮನೆಯವರೆಗೂ ಹಿಂಬಾಲಿಸಿ, ಅಂಥವೇ ಪೆಟ್ಟಿಗೆಗಳ ರಾಶಿಯ ನಡುವೆ ಅವನನ್ನು ಹಿಡಿದರು.

ಊರಿಗೆ ಮರಳಿದ ಆಕೆ ಹಾಡಹಗಲೇ, ಬೀದಿಯವರೆಲ್ಲ ನೋಡುತ್ತಿರುವಾಗ, ದರ್ಜಿಯ ಅಂಗಡಿಗೆ ಬಂದು ತಮ್ಮ ಖಾಕಿ ಬಟ್ಟೆಯನ್ನು ಹೊಲಿಯಲು ಕೊಟ್ಟರು. ದರ್ಜಿಗೆ ಅಳು ತಡೆಯಲಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಎಂಥ ಜಾಣೆ, ಗುರುಗಳೇ! ಆಕೆಗೆ ಕಳ್ಳನ ಮನೆ ಸಿಕ್ಕಿತು. ನನಗೇಕೆ ಆಸೆಯ ಮನೆ ಸಿಗುತ್ತಿಲ್ಲ?"

"ಬಂದ ಆಸೆಗಳಲ್ಲಿ ಒಂದನ್ನಾದರೂ ಬೇಡವೆಂದು ನೀನು ಹಿಂದಕ್ಕೆ ಕಳಿಸಿದ್ದುಂಟೇ?"