ಪಿಂಡಕ್ಕೆ ಬಂದ ಅಪ್ಪ

ಮುದಿ ಹೆಗ್ಗಣ ಸತ್ತ ಮೂರನೇ ದಿನಕ್ಕೇ ಹಿರಿಮಗ ಡೊಳ್ಳಪ್ಪ ಕಣಜದಡಿಯ ಬಿಲವನ್ನು ತಮ್ಮನೊಂದಿಗೆ ಹಂಚಿಕೊಂಡು ಮೀಸೆ ತಿರುವುತ್ತಿದ್ದ. ಅಷ್ಟರಲ್ಲಿ ಪಕ್ಕದ ಬಿಲದ ಇಲಿಯಮ್ಮ ಬಂದಳು.

"ನಿಮ್ಮಪ್ಪ ನನ್ನಿಂದ ಎರಡು ಸೇರು ಕಡಲೆಕಾಯಿ ಸಾಲ ತಂದಿದ್ದರು, ಡೊಳ್ಳಪ್ಪನವರೇ."

"ಬಿಲ ನಮಗೆ ಬಂತು, ನಿಜ. ಸಾಲ ಅಪ್ಪನ ಜೊತೆಗೇ ಹೋಯಿತು. ಬೇಕಿದ್ದರೆ ಅವರನ್ನೇ ಕೇಳಿ."

ಹನ್ನೊಂದನೆಯ ದಿನ ಪಿಂಡವಿಟ್ಟರೆ ಬೇಲಿಯ ಮೇಲಿನ ಕಾಗೆ ಅಲ್ಲಾಡಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆಯೆಂದು ಅರ್ಥ. ಮಗ ಅದನ್ನು ನಡೆಸಿಕೊಡುವ ಮಾತು ಕೊಡಬೇಕು. ಡೊಳ್ಳಪ್ಪ ಅಮ್ಮನನ್ನು ಸಾಕುತ್ತೇನೆಂದ, ತಮ್ಮನೊಡನೆ ಜಗಳವಾಡುವುದಿಲ್ಲವೆಂದ. ಕಾಗೆ ಸುಮ್ಮನೆ ಕೊಕ್ಕು ಉಜ್ಜಿಕೊಂಡಿತು. ಊಟಕ್ಕೆ ಕಾದ ನೆಂಟರ ಹೊಟ್ಟೆ ಚುರುಗುಟ್ಟತೊಡಗಿತು. ಕೊನೆಗೆ ಹಲ್ಲು ಕಚ್ಚಿಕೊಂಡು, "ಇಲಿಯಮ್ಮನ ಸಾಲ ತೀರಿಸುತ್ತೇನೆ" ಎಂದ. ಕಾಗೆ ಹಾರಿಬಂದು ಪಿಂಡ ನುಂಗಿತು.

"ನೋಡಿ, ಅಪ್ಪನೇ ಬಂದರು!" ಎಂದು ಡೊಳ್ಳಪ್ಪ ನೆಂಟರೆದುರು ಕಣ್ಣೊರೆಸಿಕೊಂಡ. ಊಟವಾದ ಮೇಲೆ ಇಲಿಯಮ್ಮ ಕೈಯೊಡ್ಡಿದಾಗ ಮಾತ್ರ, "ಮಾತು ಕೊಟ್ಟದ್ದು ಅಪ್ಪನಿಗೆ, ನಿಮಗಲ್ಲ" ಎಂದ.

"ಹೌದು ಮಗನೇ, ನನಗೇ ಕೊಟ್ಟೆ" ಎಂದಿತು ಕಾಗೆ. "ಅಪ್ಪ ಬಂದನೆಂದು ನೆಂಟರಿಗೆಲ್ಲ ಸಾರಿದವನೂ ನೀನೇ. ಅಪ್ಪ ಕಣ್ಣೆದುರಿಗೇ ಇರುವಾಗ ನಿಮಗೆ ಪಾಲು ಎಲ್ಲಿಯದು? ನನ್ನ ಸಾಲಕ್ಕೆ ಬಿಲವನ್ನು ಇಲಿಯಮ್ಮನಿಗೆ ಬಿಟ್ಟು ಅಣ್ಣತಮ್ಮಂದಿರಿಬ್ಬರೂ ಹೊರಗೆ ನಡೆಯಿರಿ."