ಮೇದಾರ ತಿಪ್ಪವ್ವನ ಛಡಿ

ಸುಮ್ಮ ಕುಂದರ್ರಿ, ಗದ್ದಲ ಹಾಕಬ್ಯಾಡ್ರಿ, ಹೇಳ್ತೀನಿ. ಇದು ನಿನ್ನಿ ಮೊನ್ನಿದಲ್ಲ. ಭಾಳ ಹಿಂದಕ, ಹಳ್ಳದ ದಂಡಿ ಮ್ಯಾಲೆ ಒಂದೂರು ಇತ್ತಂತ. ಆ ಊರಾಗ ಮೇದಾರ ತಿಪ್ಪವ್ವ ಅಂತ ಒಬ್ಬಾಕಿ ಇದ್ಲಂತ. ಬಿದಿರು ಸೀಳಿ ಬುಟ್ಟಿ, ಕಾಳು ಕೇರೂ ಮರ ಹೆಣಿಯಾಕಿ. ಆಕಿ ಹೆಣೆದ ಬುಟ್ಟ್ಯಾಗ ನೀರು ಹಾಕಿದ್ರೂ ಸೋರತಿದ್ದಿಲ್ಲ ಅಂತಾರ. ಸುಳ್ಳೋ ಖರೇನೋ, ನಾವೇನ ಕಂಡೀವಿ! ಗಂಡ ಸತ್ತಿದ್ದ. ಇದ್ದಾಂವ ಒಬ್ಬನೇ ಮಗ, ಚನ್ನೀರ.

ಆಗ ಸಾಲಿ ಅಂದ್ರ ಮಠದ ಕಟ್ಟಿ. ಉಸುಕು ಹರವಿ, ಬೆರಳಿಲೆ ಅಕ್ಷರ ತೀಡೂದು. ಕಲಿಸಾವ್ರು ಅಯ್ಗೋಳು. ಒಂದು ಪದ್ಧತಿ ಇತ್ತು ನೋಡ್ರಿ. ಕೂಸನ್ನ ಸಾಲಿಗಿ ಹಾಕೂ ದಿನ ಹಡದವರ ಒಂದು ಛಡಿ ತರಬೇಕು. ಅದಕ್ಕ ಅರಿಷಿಣ ಹಚ್ಚಿ, ಅಯ್ಗೋಳ ಕಾಲ ಮುಂದ ಇಟ್ಟು, "ಕಣ್ಣೆರಡು ಬಿಟ್ಟು ಉಳಿದದ್ದೆಲ್ಲಾ ನಿಮ್ಮದರಿ" ಅನ್ನಬೇಕು, ಅಂದ್ರ ಎಲ್ಲಿ ಬೇಕಾದ್ರೂ ಹೊಡೀರಿ ಅಂತ. ಛಡಿ ಮುರಿದ್ರ ವಿದ್ಯಾ ಮುರೀತು ಅಂತ ಮಂದಿ ನಂಬಿದ್ರು. ಅದಕ್ಕ ಎಲ್ಲಾರೂ ತಿಪ್ಪವ್ವನ ಕಡೆನ ಛಡಿ ಒಯ್ಯತಿದ್ರಂತ.

ಇನ್ನ ಸ್ವಂತ ಮಗಗ ಎಂಥಾದ್ದು ಮಾಡಿರಬೇಕು ಹೇಳ್ರಿ! ಗಟ್ಟಿ ಬಿದಿರು ಹುಡುಕಿ, ಔಡಲೆಣ್ಣಿ ಕುಡಿಸಿ, ಕೆಂಡಕ್ಕ ಹಿಡಿದು ಹದಾ ಮಾಡಿದ್ಲಂತ. ತುದಿ ಬುಡ ಕೂಡಿಸಿ ಬಗ್ಗಿಸಿದ್ರೂ ಚಟ್ ಅನ್ನಲಿಲ್ಲ. ಹಿಗ್ಗು ನೋಡ್ರಿ ಆಕೀದು, ಓಣಿ ತುಂಬ ತೋರಿಸಿಕೋತ ಹೋದ್ಲಂತ. ಅಯ್ಯ ನನ್ನವ್ವ!

ಚನ್ನೀರ ಎಡಚ. ಅಯ್ಗೋಳು ಬಲಗೈಲೆ ತೀಡು ಅಂತಿದ್ರು. ಹುಡುಗ ಹೂಂ ಅಂತಿದ್ದ, ಕೈ ಕೇಳತಿದ್ದಿಲ್ಲ. ಒಂದಿನ ಅಯ್ಗೋಳಿಗೆ ಸಿಟ್ಟು ನೆತ್ತಿಗೇರಿತು, ತಿಪ್ಪವ್ವ ಕೊಟ್ಟ ಛಡಿ ತಗೊಂಡು ಹೊಡ್ಯಾಕ ಹತ್ತಿದ್ರು. ಎಂಥಾ ಛಡಿನೂ ಹೊಡದಂಗ ಹೊಡದಂಗ ಸೀಳತೈತಿ, ಸೀಳಿದ್ರ ಅವತ್ತಿನ ಹೊಡತ ಅಲ್ಲಿಗೆ ನಿಲ್ಲಸೂದು ವಾಡಿಕಿ. ಇದು ಸೀಳಲೇ ಇಲ್ಲ.

ಸಂಜಿಮುಂದ ಹುಡುಗನ್ನ ಹೊತಗೊಂಡು ಬಂದ್ರು. ಬೆನ್ನ ಮ್ಯಾಲಿನ ಬಾಸುಂಡಿಗೆ ತಿಪ್ಪವ್ವ ಅದ ಔಡಲೆಣ್ಣಿ ಸವರಿದ್ಲಂತ. ಜ್ವರ ಇಳೀಲಿಲ್ಲ. ಹುಡುಗ ಹೋದ. ಅಯ್ಗೋಳು ಬಂದು ಆ ಛಡಿ ತಿರುಗಿ ಇಟ್ಟು, ಹೊಸ್ತಿಲಿಗೆ ಹಣಿ ಹಚ್ಚಿ ಅತ್ತರಂತ. ಅವರೂ ಹಂಗ ಹೊಡತ ತಿಂದ ಕಲತಾವ್ರು. ಅತ್ತರೇನ ಬಂತು? ಹೋದ ಕೂಸು ಬರತೈತೇನು?

ತಿಪ್ಪವ್ವ ಛಡಿ ಮಾಡೂದು ಬಿಟ್ಲು. ಮಂದಿ ಹುಣಸಿ ಬರಲು ಮುರಕೊಂಡು ಅಯ್ಗೋಳಿಗೆ ಕೊಟ್ಟು ಬಂದ್ರು. ಆಗ ಆಕಿ ಮಗನ್ನ ಹೊಡೆದ ಆ ಛಡಿ ತಗೊಂಡು ಸೀಮಿ ಆಳೂ ದೇಸಾಯರ ವಾಡೇಕ ನಡೆದ್ಲಂತ. ಬಾಗಲದಾಗ ಕುಂತಾಕಿ ಏಳಲೇ ಇಲ್ಲ, ಕಾಲಿಗೆ ಹುತ್ತ ಬೆಳೀತು ಅಂತಾರ. ಕಡೀಕ ದೇಸಾಯರು ಒಳಗ ಕರೆಸಿ, ಅಯ್ಗೋಳಿಗೆ ಏನು ಶಿಕ್ಷಾ ಕೊಡಲಿ ಅಂತ ಕೇಳಿದ್ರಂತ. ಅದು ಬ್ಯಾಡ, ಇದನ್ನ ಮುರೀರಿ ಅಂತ ಛಡಿ ಕೊಟ್ಲಂತ. ದೇಸಾಯರು ಮೊಣಕಾಲಿಗೆ ಹಚ್ಚಿ ಬಗ್ಗಿಸಿದ್ರು, ಬೆವತರು. ಮುರೀಲಿಲ್ಲ.

"ನನ್ನ ಮಗನ ಬೆನ್ನ ಮ್ಯಾಲೂ ಮುರೀಲಿಲ್ರೀ ಧಣಿ," ಅಂದ್ಲಂತ. "ಮಾಡಿದಾಕಿ ನಾನು. ಹೊಡೀರಿ ಅಂತ ಒಯ್ದು ಕೊಟ್ಟಾಕಿನೂ ನಾನು. ಹೊಡಿಯೂ ಹಕ್ಕು ಕಲಿಸಾವ್ರಿಗಿ ಇರಬಾರದು. ಹೊಡೀರಿ ಅನ್ನೂ ಹಕ್ಕು ಹಡದಾಕಿಗೂ ಇರಬಾರದು. ಹಂಗ ಕಾಯ್ದೆ ಮಾಡ್ರಿ."

ದೇಸಾಯರ ಮಗನೂ ಅದ ಮಠದ ಕಟ್ಟಿ ಮ್ಯಾಲೆ ಕಲೀತಿದ್ದ ಅಂತಾರ. ಮರುದಿನ ಊರೂರಿಗೆ ಡಂಗುರ ಹೊಡಸಿದ್ರು. ಸಾಲ್ಯಾಗ ಕೂಸಿನ ಮ್ಯಾಲೆ ಯಾರೂ ಕೈ ಎತ್ತಬಾರದು, ಹಡದವರು ಛಡಿ ಕೊಡಬಾರದು, ಕೊಟ್ರೂ ಅಯ್ಗೋಳು ಮುಟ್ಟಬಾರದು ಅಂತ. ಕಾಯ್ದೆ ಆತು. ಮಂದಿ ಮಕ್ಕಳು ಉಳಿದ್ರು. ತಿಪ್ಪವ್ವ ಮಾತ್ರ ಸಾಯೂತನಕ ಮಠದ ಕಟ್ಟಿ ಮುಂದ ಕುಂತು, ಹುಡುಗರ ದನಿ ಕೇಳಿಕೋತ ಬುಟ್ಟಿ ಹೆಣೀತಿದ್ಲಂತ.

ಇವತ್ತಿಗೂ ಆ ಸೀಮ್ಯಾಗ ಸಾಲಿಗಿ ಹಾಕೂ ದಿನ ತಾಯಿ ಸಣ್ಣ ಬಿದಿರಬುಟ್ಟ್ಯಾಗ ಉಸುಕು ಒಯ್ಯತಾಳ. ಕಲಿಸಾವ್ರು ಅದನ್ನ ಹರವಿ ಸುಮ್ಮ ಕುಂದರತಾರ. ಕೂಸು ಯಾವ ಕೈ ಚಾಚತೈತೋ ಅದನ್ನ ಹಿಡಿದು ಮೊದಲನೇ ಅಕ್ಷರ ತೀಡಸತಾರ. ಎಡಗೈ ಚಾಚಿತು ಅಂದ್ರ ಮುದುಕ್ಯಾರು ಸೆರಗು ಕಣ್ಣಿಗೊತ್ತಿಕೊಂಡು, "ಚನ್ನೀರ ಬಂದ ನೋಡವಾ ತಿಪ್ಪವ್ವ" ಅಂತಾರ.