ದೊಡ್ಡ ಉಳಿಯ ಚಕ್ಕೆರಾಶಿ

ಮರ ಕೆತ್ತುವ ಹವ್ಯಾಸದ ವಾಮನ ಮೇಷ್ಟ್ರು ಒಂದು ಗಿಳಿ ಕೆತ್ತಿ, ಕೊನೆಗೆ ಕೆತ್ತುವ ಕಣ್ಣನ್ನಷ್ಟೇ ಬಾಕಿ ಉಳಿಸಿದ್ದರು. ಚಕ್ಕೆ ತುಂಬಿದ ಅವರ ಕೆತ್ತನೆಯ ಮೇಜಿನ ಹತ್ತಿರ ಪೊರಕೆ ಬಂದರೆ ಸಾಕು, ದೊಡ್ಡ ಉಳಿ ಗದರುತ್ತಿತ್ತು: "ಈ ಚಕ್ಕೆರಾಶಿ ನನ್ನ ದುಡಿಮೆಯ ಗುರುತು. ಮುಟ್ಟಬೇಡ!"

"ಮೇಷ್ಟ್ರು ದಿನಾ ಬಂದು, ಮೇಜು ನೋಡಿ, ಹಾಗೇ ಹೋಗುತ್ತಾರಲ್ಲ?"

"ಅವರ ಉತ್ಸಾಹ ಬತ್ತಿದೆ. ನಾನೇನು ಮಾಡಲಿ?"

ಮಳೆಗಾಲ ಕಳೆಯಿತು. ಒಂದು ದಿನ ಪೊರಕೆ ತಡೆಯಲಾರದೆ ಗುಡಿಸಿಯೇ ಬಿಟ್ಟಿತು. ರಾಶಿಯಡಿಯಿಂದ ಕಣ್ಣು ಕೆತ್ತುವ ಸಣ್ಣ ಉಳಿ ಹೊರಬಿತ್ತು, ಮೈತುಂಬ ತುಕ್ಕು.

ದೊಡ್ಡ ಉಳಿ ಉದ್ಗರಿಸಿತು: "ನೀನು ಇಲ್ಲೇ ಇದ್ದೆಯಾ!"

"ಮೇಷ್ಟ್ರು ದಿನಾ ಹುಡುಕಿದ್ದು ನನ್ನನ್ನೇ. ನಿನ್ನ ಗುರುತಿನ ಕೆಳಗೆ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು."

ದೊಡ್ಡ ಉಳಿಗೆ ಗಿಳಿಯ ಮುಖ ನೋಡಲಾಗಲಿಲ್ಲ. ಗಿಳಿಗಂತೂ ನೋಡಲು ಕಣ್ಣೇ ಇರಲಿಲ್ಲ.